ಮುಲಾಮು ಹಚ್ಚಿಕೊಂಡು ಬಂದ ಬ್ಯಾಚು

ಲಾಗೋಸ್ ಮೇಷ್ಟ್ರು ತೀರಿಕೊಂಡ ಸುದ್ದಿ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬಂದಾಗ ಯಾರೋ ಮೊದಲು ಬರೆದದ್ದು "ಕರೆಂಟ್ ಬಿಲ್ ಯಾರು ಕಟ್ತಾರೆ?" ಅಂತ. ಹೊರಗಿನವರು ನೋಡಿದ್ದರೆ ಎಂಥಾ ಮಕ್ಕಳಪ್ಪಾ ಇವು ಅಂದುಕೊಳ್ಳುತ್ತಿದ್ದರು. ನಮಗೆ ಅದೇ ಶ್ರದ್ಧಾಂಜಲಿ.

ಲಾಗೋಸ್ ಮೇಷ್ಟ್ರು ಅನ್ನೋದು ನಾವಿಟ್ಟ ಹೆಸರು. ನಿಜಕ್ಕೂ ಅವರು ಪಾಠ ಮಾಡಿದ್ದು ನೈಜೀರಿಯಾದ ದೊಡ್ಡ ಊರು ಲಾಗೋಸಿನಲ್ಲಲ್ಲ, ಅದೇ ದೇಶದ ಒಯೊ ರಾಜ್ಯದ ಒಂದು ಸೆಕೆಂಡರಿ ಶಾಲೆಯಲ್ಲಿ. ಪೆಟ್ರೋಲಿಯಂ ಎಣ್ಣೆಯ ದುಡ್ಡು ಹರಿಯುತ್ತಿದ್ದ ಕಾಲ ಅದು. 1979ರ ನಂತರ ಅಲ್ಲಿ ಶಾಲೆ ಉಚಿತವಾಯಿತು, ಮಕ್ಕಳು ಜಾಸ್ತಿಯಾದರು, ಮೇಷ್ಟ್ರುಗಳು ಸಾಲಲಿಲ್ಲ, ಭಾರತದಿಂದ ಎಷ್ಟೋ ಜನ ಹೋದರು, ಅವರಲ್ಲಿ ಇವರೂ ಒಬ್ಬರು. ಅಲ್ಲಿನ ನಾಣ್ಯ ನೈರಾದ ಬೆಲೆ ಬಿದ್ದ ಮೇಲೆ ವಾಪಸ್ ಬಂದರು. ನಿವೃತ್ತಿಯಾದ ಮೇಲೆ ನಮ್ಮ ಕಾಲೇಜಿಗೆ ಅತಿಥಿ ಉಪನ್ಯಾಸಕರಾಗಿ ಇಂಗ್ಲಿಷ್ ಕಲಿಸೋಕೆ ಬಂದರು. ಸಿಲಬಸ್ಸಿನಲ್ಲಿ ಏನಿತ್ತು ಅಂತ ಕೇಳಿದರೆ ಒಂದು ಪದ್ಯದ ಹೆಸರೂ ಹೇಳಲಾರೆ. ಅವರು ಅದನ್ನು ಬೇಗ ಬೇಗ ಮುಗಿಸಿಬಿಟ್ಟು ಚೀಲದಿಂದ ಬೇರೆ ಪುಸ್ತಕ ತೆಗೆಯುತ್ತಿದ್ದರು.

ಮೊದಲು ತೆಗೆದದ್ದು ನೈಜೀರಿಯಾ ಮೂಲದ ಲೇಖಕಿ ನೆಡಿ ಒಕೊರಾಫರ್ ಅವರ 2014ರ ಕಾದಂಬರಿ 'ಲಗೂನ್'. ಅನ್ಯಗ್ರಹದವರು ನ್ಯೂಯಾರ್ಕಿಗೆ ಹೋಗದೆ ನೇರವಾಗಿ ಲಾಗೋಸಿನ ಬಾರ್ ಬೀಚ್ ಪಕ್ಕದ ಸಮುದ್ರಕ್ಕೆ ಇಳಿಯುತ್ತಾರೆ. ಕಥೆ ಶುರುವಾಗುವುದೇ ಒಂದು ಕತ್ತಿಮೀನಿನಿಂದ, ಅದಕ್ಕೆ ಎಣ್ಣೆ ಪೈಪಿನ ಮೇಲೆ ಸಿಟ್ಟು. ಒಬ್ಬ ಕಡಲ ವಿಜ್ಞಾನಿ, ಒಬ್ಬ ಸೈನಿಕ, ಒಬ್ಬ ಘಾನಾದ ರ‍್ಯಾಪ್ ಹಾಡುಗಾರ, ಮೂವರಿಗೂ ಯಾರಿಗೂ ಹೇಳಿಕೊಳ್ಳದ ಒಂದೊಂದು ವಿಚಿತ್ರ ಶಕ್ತಿ. ಅದರಲ್ಲಿ ಮನುಷ್ಯರನ್ನು ನುಂಗುವ ಒಂದು ಹೆದ್ದಾರಿ ಬರುತ್ತದೆ, ಲಾಗೋಸ್–ಬೆನಿನ್ ರಸ್ತೆ. "ಆ ರಸ್ತೇಲಿ ನಾನು ಬಸ್ಸಲ್ಲಿ ಹೋಗಿದ್ದೀನಿ ಕಣ್ರೋ, ಅದು ಕಟ್ಟುಕಥೆ ಏನಲ್ಲ" ಅಂತ ಕನ್ನಡಕ ಮೇಲೆ ಸರಿಸಿ ಹೇಳಿದ್ದರು. ಅನ್ಯಗ್ರಹದವರ ಕಥೆಯೇ ಇರುವ 2009ರ 'ಡಿಸ್ಟ್ರಿಕ್ಟ್ 9' ಸಿನಿಮಾ ಅಂದರೆ ಅವರಿಗೆ ಮೈ ಉರಿ. ಅದರಲ್ಲಿ ನೈಜೀರಿಯಾದವರೆಲ್ಲ ಬರೀ ಗೂಂಡಾಗಳು. ಅಲ್ಲಿನ ಸರ್ಕಾರವೇ ಥಿಯೇಟರುಗಳಿಗೆ ಅದನ್ನು ತೆಗೆಯಿರಿ ಅಂದಿತ್ತು. ಒಕೊರಾಫರ್‌ಗೆ ಈ ಕಾದಂಬರಿ ಬರೆಯುವ ಕಿಚ್ಚು ಹತ್ತಿದ್ದಕ್ಕೆ ಆ ಸಿನಿಮಾವೂ ಒಂದು ಕಾರಣ.

ಆಮೇಲೆ ಬಂತು ಟಾಡೆ ಥಾಂಪ್ಸನ್ನರ 'ರೋಸ್‌ವಾಟರ್'. ಬರೆದವರು ಇಂಗ್ಲೆಂಡಿನಲ್ಲಿರುವ ಮನೋವೈದ್ಯರು, ಬೆಳೆದದ್ದು ನೈಜೀರಿಯಾದಲ್ಲಿ. ಕಥೆಯ ಕಾಲ 2066. ಅನ್ಯಗ್ರಹದ ದೊಡ್ಡದೊಂದು ಜೀವಿ ನೈಜೀರಿಯಾದ ನೆಲದಿಂದ ಎದ್ದು ಗುಮ್ಮಟ ಕಟ್ಟಿಕೊಂಡು ಕೂತಿದೆ, ಸುತ್ತಲೂ ಊರು ಬೆಳೆದಿದೆ. ಮೊದಮೊದಲು ಚರಂಡಿಯಿಲ್ಲದೆ ಗಬ್ಬು ನಾರುತ್ತಿತ್ತು ಅಂತಲೇ ಊರಿಗೆ ಪನ್ನೀರಿನ ಹೆಸರು. ವರ್ಷಕ್ಕೊಮ್ಮೆ ಗುಮ್ಮಟ ಬಾಯಿ ತೆರೆದಾಗ ಸುತ್ತ ನೆರೆದ ರೋಗಿಗಳು ವಾಸಿಯಾಗುತ್ತಾರೆ. ಕೆಲವರ ಅಂಗಗಳು ಎಲ್ಲೆಲ್ಲೋ ಅಂಟಿಕೊಳ್ಳುತ್ತವೆ, ಸತ್ತವರು ಖಾಲಿ ಕಣ್ಣು ಬಿಟ್ಟುಕೊಂಡು ಎದ್ದು ನಡೆಯುತ್ತಾರೆ. ಇಷ್ಟೆಲ್ಲ ಇದ್ದರೂ ಮೇಷ್ಟ್ರು ಬಿದ್ದು ಬಿದ್ದು ನಕ್ಕಿದ್ದು ಆ ಜೀವಿ ಊರಿಗೆ ಕರೆಂಟ್ ಕೊಡುವ ಜಾಗಕ್ಕೆ. ಅವರ ಕಾಲದಲ್ಲಿ ಅಲ್ಲಿ ಕರೆಂಟ್ ಬಂದರೆ ಬೀದಿ ಮಕ್ಕಳೆಲ್ಲ "ಅಪ್ ನೇಪಾ!" ಅಂತ ವಿದ್ಯುತ್ ಮಂಡಳಿಗೆ ಜೈಕಾರ ಹಾಕುತ್ತಿದ್ದರಂತೆ. ನಾವು ಕಥೆಯ ಒಳಾರ್ಥ, ಸಂಕೇತ ಅಂತೆಲ್ಲ ಶುರು ಮಾಡಿದರೆ ಸಾಕು, "ಅದೆಲ್ಲ ಇರಲಿ, ಕರೆಂಟ್ ಬಿಲ್ ಯಾರು ಕಟ್ತಾರೆ ಹೇಳು" ಅನ್ನುತ್ತಿದ್ದರು. ಸುಮ್ನೆ ತಮಾಷೆ ಅಲ್ಲ ಅದು. ಅವರು ಪುಸ್ತಕ ಓದುತ್ತಿದ್ದದ್ದೇ ಹಾಗೆ. ಆಕಾಶದಿಂದ ಯಾರೇ ಇಳಿಯಲಿ, ಕಡಲೆಕಾಯಿ ಮಾರುವವಳು ತನ್ನ ಗಾಡಿ ಎಲ್ಲಿ ನಿಲ್ಲಿಸುತ್ತಾಳೆ ಅಂತ ಮೊದಲು ಕೇಳಬೇಕು.

ಈಗ ನಮ್ಮ ಘನಕಾರ್ಯಕ್ಕೆ ಬರುತ್ತೇನೆ. ಆ ಕಾದಂಬರಿಯಲ್ಲಿ ಮನಸ್ಸು ಓದುವ ಶಕ್ತಿ ಮಂತ್ರದಿಂದ ಬರುವುದಿಲ್ಲ. ಫಂಗಸ್ಸಿನಂಥ ಸೂಕ್ಷ್ಮ ಜೀವಿಗಳು ಗಾಳಿಯಲ್ಲೆಲ್ಲ ಎಳೆ ಹರಡಿ, ಚರ್ಮದ ನರಗಳಿಗೆ ಹೆಣೆದುಕೊಂಡು, ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ದಾರಿ ಮಾಡುತ್ತವೆ. ನಾಯಕ ಕಾರೊ ಬ್ಯಾಂಕಿನಲ್ಲಿ ಕೂತು ಜೋರಾಗಿ ಸಾಹಿತ್ಯ ಓದುತ್ತಾನೆ, ಅದೇ ಅವನ ಕೆಲಸ! ಗಿರಾಕಿಗಳ ತಲೆಯೊಳಗಿನ ಗುಟ್ಟು ಕದಿಯಲು ಬಂದವರಿಗೆ ಬರೀ ಆ ಪುಸ್ತಕವೇ ಕೇಳಿಸಲಿ ಅಂತ. ಆ ಎಳೆ ತುಂಡಾಗಬೇಕಾದರೆ ಮೈಗೆ ಫಂಗಸ್ ಕೊಲ್ಲುವ ಮುಲಾಮು ಹಚ್ಚಬೇಕು.

ಮೇಷ್ಟ್ರಿಗೋ, ಮುಖ ನೋಡಿಯೇ "ನೀನು ಓದಿಲ್ಲ" ಅನ್ನುವ ಚಾಳಿ. ಹಾಗಾಗಿ ಹಿಂದಿನ ಬೆಂಚಿನವರು ದುಡ್ಡು ಸೇರಿಸಿ ಹುಳುಕಡ್ಡಿ ಮುಲಾಮಿನ ಟ್ಯೂಬುಗಳನ್ನು ತಂದೆವು. ಮೆಡಿಕಲ್ ಶಾಪಿನವನು "ಹಾಸ್ಟೆಲ್ ಪೂರ್ತಿ ಹತ್ಕೊಂಡಿದೆಯಾ?" ಅಂದ. ಹಣೆ, ಕುತ್ತಿಗೆ, ಮೊಣಕೈವರೆಗೆ ಬೆಳ್ಳಗೆ ಮೆತ್ತಿಕೊಂಡು ಕೂತೆವು. ಪ್ಲಾನು ನನ್ನದು, ಇದನ್ನು ದಾಖಲೆಗಾಗಿ ಹೇಳುತ್ತಿದ್ದೇನೆ. ಮೇಷ್ಟ್ರು ಬಾಗಿಲಲ್ಲೇ ನಿಂತು ಮೂಗು ಅರಳಿಸಿದರು. ಒಬ್ಬೊಬ್ಬರನ್ನೇ ನೋಡಿದರು. "ಒಳ್ಳೇದು. ಇದನ್ನ ಹಚ್ಕೋಬೇಕು ಅಂತ ಗೊತ್ತಾಗಿದೆ ಅಂದ್ಮೇಲೆ ಆ ಅಧ್ಯಾಯ ಓದಿದ್ದೀರಿ ಅಂತಾಯ್ತು" ಅಂದರು. ಆಮೇಲೆ ಗಂಟೆ ಹೊಡೆಯೋವರೆಗೂ ಪ್ರಶ್ನೆ ಕೇಳಿದ್ದು ನಮಗೆ ಮಾತ್ರ.

ಗಲಾಟೆ ಕೇಳಿ ಪಕ್ಕದ ಲ್ಯಾಬಿನಿಂದ ಬಾಟನಿ ಮೇಡಂ ಬಂದರು. ಬೈಯೋಕೆ ಬಂದವರು ವಿಷಯ ತಿಳಿದು, ಕಾಡಿನ ಮಣ್ಣಿನಲ್ಲಿ ಶಿಲೀಂಧ್ರದ ಎಳೆಗಳು ಮರದ ಬೇರಿಗೆ ಹೆಣೆದುಕೊಂಡು ನೀರು, ಖನಿಜ ಕೊಟ್ಟು ಸಕ್ಕರೆ ತಗೊಳ್ಳುವುದನ್ನು ನಮ್ಮ ಬೋರ್ಡಿನ ಮೇಲೇ ಚಿತ್ರ ಬರೆದು ಹೇಳಿದರು. ನಾವು ಯಾರೂ ಬಾಟನಿ ಓದುತ್ತಿರಲಿಲ್ಲ. ಈಗ ಕಾಲೇಜಿಗೆ ಬಂದರೆ ಎಲ್ಲ ಕ್ಲಾಸಿನಲ್ಲೂ ಪ್ರೊಜೆಕ್ಟರ್, ನೋಟ್ಸೆಲ್ಲ ಪಿಡಿಎಫ್, ಇಂಟರ್ನಲ್ ಮಾರ್ಕ್ಸಿಗೆ ಓಡಾಟ. ಪಕ್ಕದ ಕ್ಲಾಸಿಗೆ ನುಗ್ಗಿ ಪಾಠ ಮಾಡುವಷ್ಟು ಬಿಡುವು ಯಾರಿಗಿದೆ? ತಪ್ಪು ಮೇಷ್ಟ್ರುಗಳದ್ದಲ್ಲ ಬಿಡಿ.

'ರೋಸ್‌ವಾಟರ್'ಗೆ 2019ರಲ್ಲಿ, ಬ್ರಿಟನ್ನಿನಲ್ಲಿ ವೈಜ್ಞಾನಿಕ ಕಾದಂಬರಿಗೆ ಕೊಡುವ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿ ಬಂತು. ಅದಕ್ಕೂ ಮೊದಲೇ ಓದಿದವನು ನಾನು ಅಂತ ಆಫೀಸಿನಲ್ಲಿ ಇವತ್ತಿಗೂ ಕೊಚ್ಚಿಕೊಳ್ಳುತ್ತೇನೆ, ಕೇಳುವವರು ಕಡಿಮೆ.

ಮೇಷ್ಟ್ರ ಪುಸ್ತಕಗಳನ್ನು ಅವರ ಮನೆಯವರು ನಮ್ಮ ಲೈಬ್ರರಿಗೆ ಕೊಟ್ಟಿದ್ದಾರೆ. 'ಲಗೂನ್' ಇದೆ, ಅಂಚಿನಲ್ಲಿ ಅವರ ಪೆನ್ಸಿಲ್ ಗೀಟುಗಳೂ ಇವೆ. 'ರೋಸ್‌ವಾಟರ್' ಇಲ್ಲ. ಅದು ಮೂರು ಭಾಗದ ಕಥೆ, ಎರಡು ಮತ್ತು ಮೂರನೆಯದನ್ನು ನಾನು ಕಳಿಸುತ್ತಿದ್ದೇನೆ. ಮೊದಲನೆಯದನ್ನು ಕಡ ಒಯ್ದವರು ನಮ್ಮ ಬ್ಯಾಚಿನವರೇ ಅಂತ ನನಗೆ ಗುಮಾನಿ. ದಯವಿಟ್ಟು ತಂದುಕೊಡಿ, ಫೈನ್ ಹಾಕಬೇಡಿ ಅಂತ ಲೈಬ್ರರಿಯವರಿಗೆ ನಾನು ಹೇಳಿದ್ದೇನೆ.