ಎಪ್ಪತ್ತರ ದಶಕದ ಪತ್ರಿಕೆಗಳಲ್ಲಿ ‘ಭಾರಿ’

ಎಪ್ಪತ್ತರ ದಶಕದ ಕನ್ನಡ ದಿನಪತ್ರಿಕೆಗಳ ಹಳೆಯ ಕಟ್ಟುಗಳನ್ನು ಚಿಕ್ಕಮಗಳೂರಿನಲ್ಲಿ ಕುಳಿತು ತಿರುವಿಹಾಕುವವರಿಗೆ ಬೇಗನೆ ಕಣ್ಣಿಗೆ ಬೀಳುವ ವಿಶೇಷಣವೆಂದರೆ ‘ಭಾರಿ’. ಮಳೆ, ಜನಸ್ತೋಮ, ಬಹುಮತ, ನಷ್ಟ, ಬೆಲೆ ಏರಿಕೆ, ಪೊಲೀಸ್ ಬಂದೋಬಸ್ತು ಎಲ್ಲವೂ ಭಾರಿಯೇ. (ಕೆಲವರು ‘ಭಾರೀ’ ಎಂದು ದೀರ್ಘ ಕೊಡುತ್ತಿದ್ದರು, ಆ ಜಗಳ ಇನ್ನೂ ಮುಗಿದಿಲ್ಲ.) ಇದನ್ನು ಉತ್ಪ್ರೇಕ್ಷೆಯೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅಚ್ಚಿನ ವೇಳೆಗೆ ಅಂಕಿ ಕೈಸೇರದಿದ್ದಾಗ ಆ ಜಾಗವನ್ನು ತುಂಬಿದ ಪದವಿದು. ಅಚ್ಚಿನ ಮೊಳೆ ಜೋಡಿಸಿ ತಲೆಬರಹ ಕಟ್ಟುತ್ತಿದ್ದ ಕಾಲದಲ್ಲಿ ಎರಡಕ್ಷರದ ಪದವೊಂದು ಅಂಕಣದ ಅಗಲಕ್ಕೆ ಸಲೀಸಾಗಿ ಹೊಂದುತ್ತಿದ್ದುದೂ ಅದಕ್ಕೆ ಒದಗಿದ ಅನುಕೂಲ.

ತೊಡಕಿರುವುದು ಮಳೆಯ ಸುದ್ದಿಯಲ್ಲಿ. ‘ಹಾಸನ ಜಿಲ್ಲೆಯಲ್ಲಿ ಭಾರಿ ಮಳೆ’ ಎಂಬಂಥ ಸಾಲು ಅರಸೀಕೆರೆಯನ್ನೂ ಸಕಲೇಶಪುರವನ್ನೂ ಒಂದೇ ಕೊಡೆಯ ಕೆಳಗೆ ನಿಲ್ಲಿಸಿಬಿಡುತ್ತದೆ. ಅರಸೀಕೆರೆಯ ಕೆರೆಗಳಿಗೆ ನೀರು ತಂದು ರೈತರ ಮುಖವರಳಿಸುವ ಮಳೆಯನ್ನು ಸಕಲೇಶಪುರದವರು ಆಷಾಢದಲ್ಲಿ ಮಳೆಯೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಚಿಕ್ಕಮಗಳೂರು ಜಿಲ್ಲೆಯಲ್ಲಿ ಕಡೂರಿಗೂ ಶೃಂಗೇರಿಗೂ ಇರುವ ಮಳೆಯ ಅಂತರ ಇನ್ನೂ ದೊಡ್ಡದು. ವಿಚಿತ್ರವೆಂದರೆ ಅಳತೆ ಇರಲಿಲ್ಲವೆಂದಲ್ಲ: ಕಾಫಿ ತೋಟಗಳಲ್ಲಿ ಮಳೆಮಾಪಕವಿಟ್ಟು, ಇಂಚು ಮತ್ತು ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಪ್ರತಿದಿನದ ಮಳೆಯನ್ನು ಪುಸ್ತಕದಲ್ಲಿ ಬರೆದಿಡುವ ರೂಢಿ ಬಹಳ ಹಳೆಯದು. ಮಾರ್ಚ್–ಏಪ್ರಿಲ್‌ನ ಹೂಮಳೆ (ಕಾಫಿ ಗಿಡ ಹೂಬಿಡಲು ಬೇಕಾದ ಮಳೆ) ಎಷ್ಟು ಸೆಂಟ್ಸ್ ಬಿದ್ದಿತೆಂಬುದರ ಮೇಲೆ ಆ ವರ್ಷದ ಫಸಲೇ ನಿಂತಿರುವಾಗ ತೋಟದವರಿಗೆ ‘ಭಾರಿ’ ಎಂಬುದರಿಂದ ಆಗಬೇಕಾದ್ದೇನೂ ಇರಲಿಲ್ಲ. ಆ ಪುಸ್ತಕದ ಅಂಕಿ ಮಾತ್ರ ತೋಟದ ಗೇಟು ದಾಟಿ ಬೆಂಗಳೂರಿನ ಸುದ್ದಿಮನೆಯನ್ನು ತಲಪುವುದು ಅಪರೂಪವಾಗಿತ್ತು.

1978ರ ನವೆಂಬರ್‌ನಲ್ಲಿ ನಡೆದ ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆ ಈ ವಿಶೇಷಣಕ್ಕೆ ಸುಗ್ಗಿಯ ಕಾಲ. ಡಿ.ಬಿ. ಚಂದ್ರೇಗೌಡರು ತೆರವು ಮಾಡಿದ ಸ್ಥಾನಕ್ಕೆ ಇಂದಿರಾ ಗಾಂಧಿ ಸ್ಪರ್ಧಿಸಿದರು. ಎದುರಾಳಿ ಜನತಾ ಪಕ್ಷದ ವೀರೇಂದ್ರ ಪಾಟೀಲ್. ಸಭೆಗೆ ಬಂದವರ ತಲೆಯೆಣಿಸುವುದು ಯಾವ ವರದಿಗಾರನಿಗೂ ಸಾಧ್ಯವಿಲ್ಲದ್ದರಿಂದ ‘ಭಾರಿ ಜನಸ್ತೋಮ’ ಎನ್ನುವುದು ಕ್ಷಮ್ಯ. ಎಣಿಕೆ ಮುಗಿದು 70,000ಕ್ಕೂ ಹೆಚ್ಚು ಮತಗಳ ಅಂತರ ಸ್ಪಷ್ಟವಾದ ಮೇಲೂ ‘ಭಾರಿ ಅಂತರ’ ಎನ್ನುವುದು ಅಭ್ಯಾಸಬಲವಷ್ಟೇ.

ಕಾಫಿ ಬೆಲೆಯ ಸುದ್ದಿಯಲ್ಲಿ ಅದು ಸ್ವಲ್ಪ ಹಾನಿಯನ್ನೂ ಮಾಡಿರಬೇಕು. 1975ರ ಜುಲೈನಲ್ಲಿ ಬ್ರೆಜಿಲ್‌ನ ತೋಟಗಳು ಹಿಮಕ್ಕೆ ಸುಟ್ಟುಹೋದ ಬಳಿಕ 1977ರ ಹೊತ್ತಿಗೆ ಜಗತ್ತಿನ ಮಾರುಕಟ್ಟೆಯಲ್ಲಿ ದರ ಗಗನಕ್ಕೇರಿತು. ಆದರೆ ನಮ್ಮ ಬೆಳೆಗಾರರು ಆಗ ಕಾಫಿಯನ್ನು ಕಾಫಿ ಮಂಡಳಿಯ ಸಾಮೂಹಿಕ ಸಂಗ್ರಹವಾದ ಪೂಲ್‌ಗೆ ಒಪ್ಪಿಸಿ ಹಣವನ್ನು ಕಂತಿನಲ್ಲಿ ಪಡೆಯುತ್ತಿದ್ದವರು. ಏರಿಕೆ ಯಾರಿಗೆ, ಎಷ್ಟು, ಯಾವಾಗ ಎಂಬ ಪ್ರಶ್ನೆಗಳನ್ನು ‘ಭಾರಿ ಏರಿಕೆ’ ಎಂಬ ಮಾತು ಕೇಳಗೊಡುವುದಿಲ್ಲ.

ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡದ್ದು ಈ ವಿಷಯದಲ್ಲೊಂದು ತಿರುವು ಎಂದು ನನಗನ್ನಿಸುತ್ತದೆ. ಜಲಾಶಯಕ್ಕೆ 2,922 ಅಡಿ ಎಂಬ ಗರಿಷ್ಠ ಮಟ್ಟವಿತ್ತು, ಒಳಹರಿವು ಹೊರಹರಿವುಗಳಿಗೆ ಕ್ಯುಸೆಕ್ ಲೆಕ್ಕವಿತ್ತು. 1990ರಲ್ಲಿ ಕಾವೇರಿ ನ್ಯಾಯಮಂಡಳಿ ರಚನೆಯಾಗಿ, ಮರುವರ್ಷ ತಮಿಳುನಾಡಿಗೆ 205 ಟಿಎಂಸಿ ನೀರು ಬಿಡಬೇಕೆಂಬ ಮಧ್ಯಂತರ ಆದೇಶ ಬಂದ ಮೇಲಂತೂ ಚಹಾದಂಗಡಿಯ ಹರಟೆಯೂ ಟಿಎಂಸಿಯಲ್ಲಿ ನಡೆಯತೊಡಗಿತು.

ಈಗ ‘ಭಾರಿ ಮಳೆ’ಗೆ ಹವಾಮಾನ ಇಲಾಖೆಯೇ ಗಡಿ ಹಾಕಿದೆ: 24 ಗಂಟೆಗಳಲ್ಲಿ 64.5 ಮಿ.ಮೀ.ನಿಂದ 115.5 ಮಿ.ಮೀ. ತೋಟದ ಲೆಕ್ಕದಲ್ಲಿ ಎರಡೂವರೆ ಇಂಚಿನಿಂದ ನಾಲ್ಕೂವರೆ ಇಂಚು. ಕಡೂರಿನಲ್ಲಿ ಅಷ್ಟು ಸುರಿದರೆ ಇಂದಿಗೂ ತಲೆಬರಹಕ್ಕೆ ಯೋಗ್ಯ. ಜುಲೈ ತಿಂಗಳ ಕೊಟ್ಟಿಗೆಹಾರದಲ್ಲಿ ಅದನ್ನು ಯಾರೂ ಭಾರಿ ಎನ್ನುವುದಿಲ್ಲ.