ಲೆಕ್ಕದ ಮೇಷ್ಟ್ರು ಮತ್ತು ಎರಡು ವಾಲ್‌ಟ್ಯೂಬು

ನಮ್ಮ ಸ್ಕೂಲ್ ಸಂಚಿಕೆಗೆ ಏನಾದ್ರೂ ಬರಿ ಅಂತ ಹೆಡ್‌ಮಾಸ್ಟರು ಫೋನ್ ಮಾಡಿದಾಗ, ಸರಿ, ನಾನು ಹಳ್ಳಿ ಬಿಟ್ಟು ಬೆಂಗಳೂರಿಗೆ ಬಂದು ಹೇಗೆ ಮೇಲೆ ಬಂದೆ ಅನ್ನೋದನ್ನ ಮಕ್ಕಳಿಗೆ ಸ್ಪೂರ್ತಿ ಆಗೋ ಹಾಗೆ ಬರೆಯೋಣ ಅಂತಾನೇ ಕೂತಿದ್ದೆ. ಬರೆಯೋಕೆ ಶುರು ಮಾಡಿದ್ರೆ ಬರೀ ಲೆಕ್ಕದ ಮೇಷ್ಟ್ರೇ ಬರ್ತಾರೆ. 2024ರಲ್ಲಿ ತೀರಿಕೊಂಡ್ರು, 76 ವರ್ಷ ಆಗಿತ್ತು.

ಹೊಸಬರಿಗೆ ಗೊತ್ತಿರಲಿಕ್ಕಿಲ್ಲ, ಹೇಳ್ತೀನಿ. ಹಿರಿಯೂರು ಸೀಮೆಯವರಿಗೆ ಮಾರಿಕಣಿವೆ ಡ್ಯಾಮ್ ಅಂದ್ರೆ ಮನೆದೇವರಿದ್ದ ಹಾಗೆ, ವಾಣಿವಿಲಾಸ ಸಾಗರ ಅನ್ನೋದು ಪೇಪರಿನೋರು ಬರೆಯೋ ಹೆಸರು. ಮೇಷ್ಟ್ರ ತೋಟ ಅದರ ನಾಲೆ ಕೆಳಗಿತ್ತು. ಬೆಳಗ್ಗೆ ತೋಟದಲ್ಲಿ ಕೆಲಸ ಮುಗಿಸಿ ಹಂಗೇ ಸೈಕಲ್ ಹತ್ತಿ ಬರೋರು, ಬಿಳಿ ಶರ್ಟು ಇಸ್ತ್ರಿ ಆಗಿರೋದು ಆದ್ರೆ ಹಿಮ್ಮಡಿ ಸಂದೀಲಿ ಕೆಸರು ಒಣಗಿ ಬಿರುಕು ಬಿಟ್ಟಿರೋದು, ಬೋರ್ಡಿಗೆ ಮುಖ ಮಾಡಿ ನಿಂತ್ರೆ ಮೊದಲನೇ ಬೆಂಚಿನ ನಮಗೆ ಪ್ರಮೇಯಕ್ಕಿಂತ ಆ ಹಿಮ್ಮಡೀನೇ ಚೆನ್ನಾಗಿ ಕಾಣೋದು. ಆ ಪ್ರಮೇಯ ಯಾವುದು ಅಂತ ಈಗ ಕೇಳಬೇಡಿ.

ಮನೇಲಿ ಹತ್ತು ಜನ. ತಾಯಿ, ಹೆಂಡತಿ, ಮದುವೆಯಾಗದ ಇಬ್ಬರು ತಂಗಿಯರು, ಇಬ್ಬರು ಹೆಣ್ಣುಮಕ್ಕಳು, ತಮ್ಮ ಸಣ್ಣ ವಯಸ್ಸಲ್ಲೇ ಹೋಗಿಬಿಟ್ಟಿದ್ರಿಂದ ಅವನ ಹೆಂಡತಿ ಮತ್ತು ಎರಡು ಗಂಡುಮಕ್ಕಳು. ಸಂಬಳ ಒಂದು, ಅದೂ ಮೂರು ತಿಂಗಳಿಗೊಮ್ಮೆ ಬರೋ ಕಾಲ. ಆ ಗಂಡುಮಕ್ಕಳಲ್ಲಿ ದೊಡ್ಡವನು ನನ್ನ ಕ್ಲಾಸ್‌ಮೇಟು. ಕ್ಲಾಸಲ್ಲೂ ಮರೆತು 'ದೊಡ್ಡಪ್ಪಾ' ಅಂದುಬಿಡೋನು, ನಾವೆಲ್ಲ ನಗೋವು, ಮೇಷ್ಟ್ರು ಮಾತ್ರ 'ಏನಪ್ಪಾ' ಅಂತ ಮನೇಲಿ ಓಗೊಟ್ಟ ಹಾಗೇ ಓಗೊಡೋರು.

ಈಗ ನನ್ನ ಪಾಪದ ಕತೆ. 1996ರ ಮಾರ್ಚ್ 9, ಶನಿವಾರ. ಬೆಂಗಳೂರಲ್ಲಿ ಇಂಡಿಯಾ ಪಾಕಿಸ್ತಾನ ವರ್ಲ್ಡ್ ಕಪ್ ಕ್ವಾರ್ಟರ್ ಫೈನಲ್. ನಮಗೋ ಎಸ್ಸೆಸ್ಸೆಲ್ಸಿ, ಶನಿವಾರ ಬೆಳಗಿನ ಸ್ಕೂಲ್ ಮುಗಿದ ಮೇಲೆ ಮೇಷ್ಟ್ರು ಊಟಕ್ಕೆ ಹೋಗಿ ಮಧ್ಯಾಹ್ನ ವಾಪಸ್ ಬಂದು ಸ್ಪೆಷಲ್ ಕ್ಲಾಸ್ ತಗೊಳ್ಳೋರು, ಒಂದು ಪೈಸೆ ಇಸ್ಕೊಳ್ತಿರಲಿಲ್ಲ. ಸೈಕಲ್ಲೇ ಇಲ್ದಿದ್ರೆ ವಾಪಸ್ ಹೆಂಗೆ ಬರ್ತಾರೆ ಅನ್ನೋ ಐಡಿಯಾ ನಂದೇ (ಪ್ಲಾನಿಂಗ್ ಬುದ್ಧಿ ನಂಗೆ ಆಗಿನಿಂದಲೂ ಇತ್ತು ಅಂತ ಹೆಂಡತಿ ಈಗ್ಲೂ ಹಂಗಿಸ್ತಾಳೆ). ಎರಡೂ ಚಕ್ರದ ಗಾಳಿ ಹಿಡಿದಿಡೋ ವಾಲ್‌ಟ್ಯೂಬ್ ಕಿತ್ತು ಜೇಬಿಗೆ ಹಾಕ್ಕೊಂಡೆ. ಅವರ ತಮ್ಮನ ಮಗನೇ ಯಾರಾದ್ರೂ ಬರ್ತಾರಾ ಅಂತ ಕಾವಲು ನಿಂತಿದ್ದ.

ಸಿಧು 93 ಹೊಡೆದ, ಕೊನೇಲಿ ಅಜಯ್ ಜಡೇಜಾ ವಕಾರ್‌ಗೆ ಬಾರಿಸಿದ್ದು ನೋಡಿ ಇಡೀ ಊರು ಕುಣೀತು, 39 ರನ್ನಿಂದ ಗೆದ್ವಿ.

ಭಾನುವಾರ ಮೇಷ್ಟ್ರ ತಮ್ಮನ ಮಗ ನಮ್ಮನೆಗೆ ಬಂದು ಮುಖ ಸಣ್ಣ ಮಾಡ್ಕೊಂಡು ಹೇಳಿದ. ಹಿಂದಿನ ದಿನ ಮಧ್ಯಾಹ್ನ ತೋಟಕ್ಕೆ ನಾಲೆ ನೀರಿನ ಸರದಿ ಇತ್ತಂತೆ. ದೊಡ್ಡಪ್ಪ ಐದು ಕಿಲೋಮೀಟರ್ ನಡೆದು ಹೋಗೋ ಹೊತ್ತಿಗೆ ಸರದಿಯಲ್ಲಿ ಒಂದು ಗಂಟೆ ಕಳೆದುಹೋಗಿ ನೀರು ಪಕ್ಕದ ತೋಟಕ್ಕೆ ತಿರುಗಿಬಿಟ್ಟಿತ್ತು. ಉಳಿದಷ್ಟು ನೀರು ಕಟ್ಟಿ, ಊಟ ಬಿಟ್ಟು, ಮತ್ತೆ ನಡ್ಕೊಂಡೇ ಸ್ಕೂಲಿಗೆ ಬಂದಿದ್ದಾರೆ. ಕ್ಲಾಸಲ್ಲಿ ಇದ್ದಿದ್ದು ಮೂರು ಜನ ಹುಡುಗಿಯರು. ಅವರಿಗೇ ಐದೂವರೆವರೆಗೆ ಪಾಠ ಮಾಡಿ, ಮತ್ತೆ ನಡ್ಕೊಂಡು ಮನೆಗೆ.

ಸೋಮವಾರ ಹೊಡೀತಾರೆ ಅಂತ ಎರಡು ಚಡ್ಡಿ ಹಾಕ್ಕೊಂಡು ಹೋಗಿದ್ದೆ. ಏನೂ ಕೇಳಲಿಲ್ಲ. ಅದೇ ತಡೆಯೋಕಾಗಲಿಲ್ಲ ನೋಡಿ. ಮುಂದಿನ ಸರದಿ ರಾತ್ರಿ ಹೊತ್ತು ಬಂತು, ನಾವು ನಾಲ್ಕು ಜನ ಹೇಳದೆ ಕೇಳದೆ ತೋಟಕ್ಕೆ ಹೋದ್ವಿ. ಮೇಷ್ಟ್ರು ಲುಂಗಿ ಎತ್ತಿಕಟ್ಟಿ ಬದು ಮೇಲೆ ನಿಂತಿದ್ರು, ಬಾಯಲ್ಲಿ ಬೀಡಿ! ನಮ್ಮನ್ನ ನೋಡಿ ಎಸೆದರು. ಗುದ್ದಲಿ ಕೊಟ್ಟು ಯಾವ ಪಾತಿ ತುಂಬಿದ ಮೇಲೆ ಯಾವುದಕ್ಕೆ ತಿರುಗಿಸಬೇಕು ಅಂತ ಟಾರ್ಚ್ ಬಿಟ್ಟು ತೋರಿಸಿದ್ರು. ಎರಡು ಗಂಟೆ ಹೊತ್ತಿಗೆ ಎಲ್ಲ ಬದು ಮೇಲೆ ಕೂತಿದ್ವಿ, ಮೆಲ್ಲಗೆ ನನ್ನ ಕಡೆ ತಿರುಗಿ, "ಆ ವಾಲ್‌ಟ್ಯೂಬ್ ಇಟ್ಕೊಂಡಿದ್ದೀಯೇನಯ್ಯಾ? ಹೊಸದು ಹಾಕ್ಸಿದ್ದು ಯಾಕೋ ಗಾಳಿ ನಿಲ್ತಿಲ್ಲ" ಅಂದ್ರು.

ಲೆಕ್ಕದಲ್ಲಿ ನಂಗೆ 91 ಬಂತು. ಆಗಿನ ಕಾಲದ 91, ಗಮನಿಸಿ. ಈಗ 625ಕ್ಕೆ 625 ತಗೊಳ್ಳೋ ಮಕ್ಕಳಿದ್ದಾರೆ, ಸಂತೋಷ, ಆದ್ರೆ ನನ್ನ ಮಗಳ ಸ್ಕೂಲಲ್ಲಿ ಲೆಕ್ಕದ ಮಿಸ್ ಯಾರು ಅಂದ್ರೆ ಅವಳಿಗೆ ಹೆಸರೂ ನೆಟ್ಟಗೆ ಗೊತ್ತಿಲ್ಲ, ವರ್ಷಕ್ಕಿಬ್ಬರು ಬದಲಾಗ್ತಾರೆ, ಹೋಮ್‌ವರ್ಕ್ ಆ್ಯಪಲ್ಲಿ ಬರುತ್ತೆ. ಸರ್ಕಾರಿ ಸ್ಕೂಲಿನ ಮೇಷ್ಟ್ರುಗಳು ಮೊಟ್ಟೆ ಲೆಕ್ಕ, ಆನ್‌ಲೈನ್ ಎಂಟ್ರಿ ಮುಗಿಸಿ ಪಾಠ ಯಾವಾಗ ಮಾಡ್ಬೇಕು ಪಾಪ. ಇರಲಿ.

ಆಮೇಲಿನದು ನಾನು ಹತ್ತಿರದಿಂದ ನೋಡಿದ್ದಲ್ಲ, ಮೇಷ್ಟ್ರ ತಮ್ಮನ ಮಗ, ನನ್ನ ಕ್ಲಾಸ್‌ಮೇಟು, ಫೋನಲ್ಲಿ ಹೇಳಿದ್ದು. 1990ರ ದಶಕದ ಕೊನೆಗೆ ತೆಂಗಿಗೆ ನುಸಿ ಬಂತು, ಕಾಯಿ ಮುಷ್ಟಿಯಷ್ಟಾಯ್ತು. ಅದೇ ಸಮಯದಲ್ಲಿ ತಂಗಿಯರ ಮದುವೆ ಮುಗಿಸಿದ್ರು. ರಿಟೈರ್ ಆಗಿ ಬಂದ ದುಡ್ಡಲ್ಲಿ ಬೋರ್ ಕೊರೆಸಿದ್ರು, ಮೂರು ಫೇಲ್, ನಾಲ್ಕನೇದ್ರಲ್ಲಿ ಒಂದೂವರೆ ಇಂಚು ನೀರು. ಕೊನೆಗೆ ಡ್ಯಾಮೇ ತಳ ಕಂಡಾಗ ಮರಗಳ ಸುಳಿ ಒಣಗಿ ಬಿತ್ತು, ತಾವೇ ನೆಟ್ಟ ಮರಗಳನ್ನ ತಾವೇ ನಿಂತು ಕಡಿಸಿ ಇಟ್ಟಿಗೆ ಗೂಡಿಗೆ ಕೊಟ್ರು. ಆ ದುಡ್ಡಲ್ಲಿ ತಮ್ಮನ ಎರಡನೇ ಮಗನ ಡಿಪ್ಲೊಮಾ ಫೀಸು ಕಟ್ಟಿದ್ರಂತೆ.

2022ರ ಸೆಪ್ಟೆಂಬರಲ್ಲಿ ಡ್ಯಾಮ್ 130 ಅಡಿ ತುಂಬಿ ಕೋಡಿ ಬಿತ್ತಲ್ಲ, 1933 ಆದ ಮೇಲೆ ಅವತ್ತೇ ಮೊದಲು, 89 ವರ್ಷಕ್ಕೆ. ಜನ ಜಾತ್ರೆಗೆ ಹೋದ ಹಾಗೆ ಹೋದ್ರು, ನಾನೂ ಕಾರಲ್ಲಿ ಹೋಗಿದ್ದೆ. ಮೇಷ್ಟ್ರು ಅಲ್ಲಿರಲಿಲ್ಲ. ತೋಟಕ್ಕೆ ಹೋದ್ರೆ ಗುಂಡಿ ತೆಗೆಸ್ತಿದ್ದಾರೆ, ಬದು ಮೇಲೆ ತಿಪಟೂರು ಟಾಲ್ ತೆಂಗಿನ ಸಸಿ ಸಾಲಾಗಿ ಇಟ್ಟಿದೆ. "ಸಾರ್, ಇದು ಫಲ ಬಿಡೋಕೆ ಏಳು ವರ್ಷ ಬೇಕು, ನಿಮಗೆ ಆಗ್ಲೇ 74" ಅಂದೆ. "ಹೌದಲ್ಲ, 81 ಆಗುತ್ತೆ. ಕೂಡೋದು ಚೆನ್ನಾಗೇ ಕಲ್ತಿದ್ದೀಯ" ಅಂದ್ರು.

ಅವರ ತಿಥಿ ದಿನ ನಮ್ಮ ಬ್ಯಾಚಿನ ಒಂಬತ್ತು ಜನ ಸೇರಿದ್ವಿ, ಆ ಮೂರು ಹುಡುಗಿಯರಲ್ಲಿ ಇಬ್ಬರು ಬಂದಿದ್ರು. ಊಟ ಆಗಿ ಮಾತಾಡ್ತಾ ಕೂತಾಗ ತ್ರೀ ಫೇಸ್ ಕರೆಂಟ್ ಬಂತು. ಮೇಷ್ಟ್ರ ತಮ್ಮನ ಮಗ ಪಂಚೆ ಎತ್ತಿಕಟ್ಟಿ ಸ್ಟಾರ್ಟರ್ ಹಾಕೋಕೆ ಎದ್ದ, ನಾನೂ ಪ್ಯಾಂಟ್ ಮಡಚಿಕೊಂಡು ಹಿಂದೆ ಹೋದೆ. ಸಸಿಗಳು ನನ್ನ ಎದೆಮಟ್ಟ ಬಂದಿದ್ವು. ಗುದ್ದಲಿ ಇಸ್ಕೊಂಡು ನಾಲ್ಕು ಪಾತಿಗೆ ನೀರು ತಿರುಗಿಸೋ ಹೊತ್ತಿಗೆ ಅಂಗೈಲಿ ಬೊಬ್ಬೆ ಎದ್ದಿತ್ತು. "ಕೊಡೋ ಇಲ್ಲಿ, ನೀರು ಪಕ್ಕದ ತೋಟಕ್ಕೆ ಹೋಗ್ತಿದೆ" ಅಂತ ಕಿತ್ತುಕೊಂಡ.