ಕತ್ತರಿ ಮೂರು, ಸೂಜಿ ಹನ್ನೆರಡು

ಜೂನ್ ಮೊದಲ ವಾರ ಬಂತೆಂದರೆ ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ನಮ್ಮ ಹೊಲಿಗೆ ಅಂಗಡಿಯಲ್ಲಿ ಶಾಲಾ ಸಮವಸ್ತ್ರದ ಬಟ್ಟೆ ಆಳೆತ್ತರ ಬಿದ್ದಿರುತ್ತದೆ. ಅಂಥ ಒಂದು ಬೆಳಿಗ್ಗೆ ಆಳಂದ ತಾಲ್ಲೂಕಿನ ತಾಯಿಯೊಬ್ಬರು ಮೂವತ್ತೈದರ ಆಸುಪಾಸಿನ ಮಗನನ್ನು ಕರೆತಂದು, ಅವನು ಏಳು ವರ್ಷ ಜೈಲಿನಲ್ಲಿದ್ದು ಬಂದವನೆಂಬುದನ್ನು ಮುಚ್ಚಿಡದೆ ಹೇಳಿ, ಕೆಲಸ ಕೇಳಿದರು. ಹೊಲದ ಬದುವಿನ ಜಗಳದಲ್ಲಿ ಅವನ ಕೈಯಿಂದ ಒಬ್ಬರ ಜೀವ ಹೋಗಿತ್ತು. ಒಂದು ಕಾಲರ್ ಹೊಲಿದು ತೋರಿಸಲು ಹೇಳಿದೆ. ಮೂಲೆ ಬಂದಾಗ ಸೂಜಿಯನ್ನು ಬಟ್ಟೆಯಲ್ಲೇ ಇಳಿಸಿ ನಿಲ್ಲಿಸಿ, ಬಟ್ಟೆಯನ್ನು ತಿರುವಿ ಮತ್ತೆ ಹೊಲಿಗೆ ಎಳೆದ ರೀತಿ ನೋಡಿದಾಗಲೇ ಕಲಿಸಿದವರು ಸರಿಯಾಗಿ ಕಲಿಸಿದ್ದಾರೆಂದು ತಿಳಿಯಿತು. ಸಂಜೆ ಹೊರಡುವ ಮುನ್ನ ಅವನು ಸಾಮಾನುಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು, ಎದ್ದು ನಿಂತು, “ಕತ್ತರಿ ಮೂರು, ಸೂಜಿ ಹನ್ನೆರಡು, ಎಣಿಸಿಕೊಳ್ರಿ ಅಕ್ಕಾರ” ಎಂದ. ಜೈಲಿನಲ್ಲಿ ಈ ಲೆಕ್ಕ ಒಪ್ಪಿಸದೆ ಯಾರೂ ಬ್ಯಾರಕ್‌ಗೆ ಹೋಗುವಂತಿರಲಿಲ್ಲವಂತೆ.

ನಾನು ಬರೆಯಹೊರಟಿರುವುದು ಹತ್ತನೆಯ ದಿನದ ಸಂಗತಿ. ಮಧ್ಯಾಹ್ನದ ಹೊತ್ತಿಗೆ ಅವನ ಯಂತ್ರದ ಸದ್ದು ನಿಂತಿತು. ಹೋಗಿ ನೋಡಿದರೆ ಅರ್ಧ ಹೊಲಿದ ತೋಳು ಸೂಜಿಯಡಿಯಲ್ಲೇ ಇತ್ತು; ಅವನು ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡು, ಮೈಯೆಲ್ಲ ಬೆವೆತು ಕುಳಿತಿದ್ದ. “ಗುಳಿಗಿ ಮುಗದಾವ್ರಿ ಅಕ್ಕಾರ, ರಾತ್ರಿ ನಿದ್ದಿ ಹತ್ತವಲ್ದು, ಯಾರೋ ಮಾತಾಡಿದಂಗ ಆಗ್ತದ” ಎಂದ. ಒಳಗಿದ್ದಾಗ ತಿಂಗಳಿಗೊಮ್ಮೆ ಬರುತ್ತಿದ್ದ ವೈದ್ಯರು ಅವನಿಗೆ ಗುಳಿಗೆ ಬರೆದುಕೊಡುತ್ತಿದ್ದರು. ಬಿಡುಗಡೆಯ ದಿನ ಹದಿನೈದು ದಿನಗಳಿಗಾಗುವಷ್ಟು ಗುಳಿಗೆಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟಿದ್ದರು. ಕಾಯಿಲೆಯ ಹೆಸರಾಗಲಿ, ಔಷಧಿಯ ಹೆಸರಾಗಲಿ ಬರೆದ ಒಂದು ಚೀಟಿಯೂ ಅವನ ಬಳಿ ಇರಲಿಲ್ಲ. ಹೊಲಿಗೆ ಕಲಿತ ಪ್ರಮಾಣಪತ್ರವನ್ನು ಮಾತ್ರ ಪ್ಲಾಸ್ಟಿಕ್ ಹಾಳೆಯಲ್ಲಿ ಜೋಪಾನವಾಗಿಟ್ಟುಕೊಂಡಿದ್ದ.

ಅಂಗಡಿಯನ್ನು ಮಗಳಿಗೆ ಒಪ್ಪಿಸಿ ಅವನನ್ನು ಆಟೋದಲ್ಲಿ ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದೊಯ್ದೆ. ಸರದಿಯಲ್ಲಿ ಎರಡು ತಾಸು ಕುಳಿತಿದ್ದಾಗ ನನ್ನನ್ನು ಕಾಡಿದ್ದು ಆ ಎರಡು ಕಾಗದಗಳ ವಿಚಾರ: ಒಂದು ಇದ್ದು, ಇನ್ನೊಂದು ಇಲ್ಲದಿರುವುದು. ಕೈದಿಗಳ ದುಡಿಮೆಗೆ ನ್ಯಾಯವಾದ ಕೂಲಿ ಕೊಡಬೇಕೆಂದೂ ಅದರಲ್ಲೊಂದು ಪಾಲನ್ನು ಅವರಿಂದ ನೊಂದವರಿಗಾಗಿ ತೆಗೆದಿಡಬೇಕೆಂದೂ ಸುಪ್ರೀಂ ಕೋರ್ಟ್ 1998ರಲ್ಲೇ ಹೇಳಿದೆ. ಬದುವಿನ ಜಗಳದಲ್ಲಿ ಮನೆಯ ಯಜಮಾನನನ್ನು ಕಳೆದುಕೊಂಡ ಆ ಸಂಸಾರವನ್ನು ನೆನೆದರೆ ಈ ಎರಡನೆಯ ಮಾತು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ದುಡಿಮೆಯ ವಿಷಯದಲ್ಲಿ ಇಷ್ಟು ದೂರ ಬಂದಿದ್ದೇವೆ. ಆದರೆ ದುಡಿಯುವವನ ಮನಸ್ಸು ನೆಟ್ಟಗಿರದಿದ್ದರೆ ಕಲಿಸಿದ ಕಸುಬಿಗೆ ಹಾಕಿದ ಹಣವೂ ವ್ಯರ್ಥವೇ ಅಲ್ಲವೇ?

ಕಾನೂನು ಇಲ್ಲವೆಂದಲ್ಲ. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಪ್ರತಿ ರಾಜ್ಯದಲ್ಲೂ ಕನಿಷ್ಠ ಒಂದು ಜೈಲಿನ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಚಿಕಿತ್ಸಾ ಕೇಂದ್ರ ಇರಬೇಕೆನ್ನುತ್ತದೆ. ಐನೂರು ಕೈದಿಗಳಿಗೆ ಒಬ್ಬ ಮನಃಶಾಸ್ತ್ರಜ್ಞರಿರಬೇಕೆಂದು 2016ರ ಮಾದರಿ ಕಾರಾಗೃಹ ಕೈಪಿಡಿ ಹೇಳುತ್ತದೆ. ‘ಕನಿಷ್ಠ ಒಂದು’ ಎಂಬ ಮಾತು ನಮ್ಮ ಭಾಗದವರಿಗೆ ಸಾಲದು. ಬೆಂಗಳೂರು ಇಲ್ಲಿಂದ ಒಂದು ರಾತ್ರಿಯ ಪ್ರಯಾಣ. ಇಡೀ ದೇಶಕ್ಕೆ 1996ರಲ್ಲಿ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಿಮ್ಹಾನ್ಸ್‌ನವರು ನಮ್ಮ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗ. ಆಸ್ಪತ್ರೆ ಇರುವಲ್ಲಿಗೆ ರೋಗಿ ಬರಲಾಗದಿದ್ದರೆ ಚಿಕಿತ್ಸೆಯೇ ಅವನಿದ್ದಲ್ಲಿಗೆ ಹೋಗಬೇಕೆಂಬುದನ್ನು ಈ ನೆಲದಲ್ಲೇ ಮಾಡಿ ತೋರಿಸಿದ್ದಾರೆ. 2023–24ರ ಬಜೆಟ್‌ನಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 5,000 ಕೋಟಿ ರೂಪಾಯಿ ಘೋಷಿಸಲಾಗಿತ್ತು. ಇಂಥ ಮೊತ್ತದಲ್ಲಿ ಈ ಭಾಗದ ಜೈಲುಗಳಿಗೆ ಪೂರ್ಣಾವಧಿ ಮನೋವೈದ್ಯರನ್ನೂ, ಬಿಡುಗಡೆಯಾದವರ ಬೆನ್ನುಹತ್ತಿ ಔಷಧಿ ತಪ್ಪದಂತೆ ನೋಡಿಕೊಳ್ಳುವ ಸಮಾಜ ಕಾರ್ಯಕರ್ತರನ್ನೂ ನೇಮಿಸುವಷ್ಟು ಹಣ ಹೊರಡದು ಎಂದರೆ ನಾನು ಒಪ್ಪಲಾರೆ.

ನಮ್ಮ ಸರದಿ ಬಂತು. ವೈದ್ಯೆ ಚಿಕ್ಕ ವಯಸ್ಸಿನವರು. ಅವನು ತಲೆ ಎತ್ತಿ ಮಾತನಾಡುವವರೆಗೂ ಅವಸರಪಡಿಸದೆ ಕಾದರು. “ಮೊದಲು ಯಾವ ಗುಳಿಗೆ ನುಂಗುತ್ತಿದ್ದಿರಿ?” ಎಂದು ಕೇಳಿದಾಗ ಅವನು ಬಹಳ ಹೊತ್ತು ಯೋಚಿಸಿ, “ಒಂದು ಬಿಳೀದು, ಒಂದು ಅರ್ಧ ಹಳದೀದು” ಎಂದ. ಅದರಿಂದ ಏನನ್ನೂ ಊಹಿಸುವಂತಿಲ್ಲವೆಂದು ಅವರು ಎಲ್ಲವನ್ನೂ ಮೊದಲಿನಿಂದ ಕೇಳಿ ಬರೆದುಕೊಂಡು, ಸಣ್ಣ ಪ್ರಮಾಣದಲ್ಲಿ ಔಷಧಿ ಆರಂಭಿಸಿದರು.

ಮೂರು ವಾರಗಳ ನಂತರ ಅವನು ಮತ್ತೆ ಯಂತ್ರದ ಮುಂದೆ ಕುಳಿತ. ಈಗ ದಿನಕ್ಕೆ ನಾಲ್ಕು ಅಂಗಿ ಮುಗಿಸುತ್ತಾನೆ. ಹಳೆಯ ಚಿಕಿತ್ಸೆಯ ವಿವರ ಬೇಕೆಂದು ಅವನ ಹೆಸರಿನಲ್ಲಿ ನಾನೇ ಅರ್ಜಿ ಬರೆದು ಜೈಲಿನ ಕಚೇರಿಗೆ ಕೊಟ್ಟು ಎರಡು ತಿಂಗಳಾಯಿತು. ಆಸ್ಪತ್ರೆಯ ಕಡತದ ಮೊದಲ ಪುಟದಲ್ಲಿ ‘ಹಿಂದಿನ ಚಿಕಿತ್ಸೆ’ ಎಂಬ ಅಂಕಣ ಇನ್ನೂ ಖಾಲಿ ಇದೆ.